ಕೆನೆ

ಬೆಳಗಿನ ಜಾವ ನಾಲ್ಕೂವರೆ, ಶ್ರೀರಂಗಪಟ್ಟಣದ ಗಂಜಾಂ.
ಚೇಂಬರಿನ ಮುಚ್ಚಳ ಎತ್ತಿ
ಉದ್ದ ಕಬ್ಬಿಣದ ಕೀಲಿ ಇಳಿಬಿಟ್ಟು
ಹದಿನಾಲ್ಕು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೆ,
ಒಂಬತ್ತೇ ಸಾಕು ಕೆಳಗಿನ ಬೀದಿಗೆ, ಅದು ತಗ್ಗು.
ಗಂಡ ಹೋದ ಮೇಲೆ ಬಂದದ್ದು ನನಗೆ ಈ ಕೆಲಸ.
ಸುತ್ತಿನ ಲೆಕ್ಕ ಆತ ಎಲ್ಲೂ ಬರೆದಿಟ್ಟಿರಲಿಲ್ಲ,
ತೋಳಿಗೇ ಕಲಿಸಬೇಕಾಯಿತು.

ಹವ್ವಾ ಬಂದದ್ದು ಬೇಸಿಗೆಯಲ್ಲಿ, ಮೈಸೂರಿನ ಬಸ್ಸಿನಲ್ಲಿ.
ಗಂಗೋತ್ರಿಯಲ್ಲಿ ಓದುವ ಹುಡುಗಿ, ಮಾಲ್ಡೀವ್ಸಿನವಳು,
ಚೀಲದ ತುಂಬ ಖಾಲಿ ಬಾಟಲಿ.
"ಇದು ದ್ವೀಪವಾ ಅಕ್ಕ, ನಿಜವಾಗಲೂ?"
ಹೂಂ ಕಣವ್ವ, ಎರಡು ಪಕ್ಕಕ್ಕೂ ಹೊಳೆ, ನಡುವೆ ನಾವು.
ಮೆಟ್ಟಿಲಿಳಿದು ಬೆರಳದ್ದಿ
ನಾಲಿಗೆಗೆ ಮುಟ್ಟಿಸಿಕೊಂಡಳು.
ಯಾವ ನೀರು ಸಿಕ್ಕರೂ ಹಾಗೇ:
ನಲ್ಲಿ, ತೊಟ್ಟಿ, ಎಮ್ಮೆ ಮೈತೊಳೆದ ಕಾಲುವೆ.
ಥೂ, ಏನೇ ಅದು, ಅಂದೆ.
ಅವರೂರಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲೇ
ಅದನ್ನು ಕಲಿಯುತ್ತವಂತೆ.

ನೀರಿಗೆ ಅವರು ಫೆನ್ ಅಂತಾರೆ. ಕಡಲಿಗೆ, ಕಂಡು.
ಕಂಡು! ನಮ್ಮಲ್ಲಿ ಅದು ನೋಡಿಯಾದ ಮೇಲಿನ ಮಾತು.
ಅವರಿಗೆ ಬಾಗಿಲು ತೆಗೆದರೆ ಕಂಡು, ಕಿಟಕಿಯಲ್ಲಿ ಕಂಡು,
ಕಂಡೂ ಕಂಡೂ ಕುಡಿಯಲಾಗದ್ದು.

ಹಾಲು ಕಾಯಿಸಿ ಆರಲಿಟ್ಟಿದ್ದೆ. ಪಾತ್ರೆ ತೋರಿಸಿ
"ಹೀಗೇ ಅಕ್ಕ, ನಮ್ಮ ನೆಲದೊಳಗೆ" ಅಂದಳು.
"ಕೆಳಗೆಲ್ಲ ಉಪ್ಪು. ಬಿದ್ದ ಮಳೆ ಮರಳಲ್ಲಿ ಇಳಿದು
ಅದರ ಮೇಲೆ ತೇಲುತ್ತೆ, ಇಷ್ಟೇ ಇಷ್ಟು ಕೆನೆ.
ಅಜ್ಜಿ ಕೋಲಿನ ತುದಿಗೆ ಡಬ್ಬ ಕಟ್ಟಿ
ಮೇಲಿಂದ ಮೇಲಿಂದ ಮೊಗೆಯೋಳು.
ಆಮೇಲೆ ಪಂಪು ಬಂತು. ಜೋರಾಗಿ ಎಳೆದರು. ಕೆನೆ ಹರೀತು.
ಒಂದು ದಿನ ಅಲೆ ಬಂತು, ಇದ್ದದ್ದು ಹತ್ತು ನಿಮಿಷ.
ನಾನು ಶಾಲೆಗೆ ಸೇರೋವರೆಗೂ ಬಾವಿಯ ಬಾಯಿ ಕೆಟ್ಟಿತ್ತು."
ಈಗ ಮಸೀದಿ ಸೂರಿನ ಮಳೆಗೆ ಸಾಲು ತೊಟ್ಟಿ,
ಕಡಲನ್ನು ಸೋಸುವ ಮಿಷನ್ನು, ಮಿಷನ್ನಿಗೆ ಡೀಸೆಲ್ಲು,
ಡೀಸೆಲ್ಲಿಗೆ ದೋಣಿ.
ದೋಣಿ ತಡವಾದರೆ?
ಅವಳು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದಳು.

ಹೋದ ಆಷಾಢ, ಒಂದೇ ರಾತ್ರಿಯಲ್ಲಿ
ಕನ್ನಂಬಾಡಿ ಕಟ್ಟೆ ಮೂರಡಿ ಏರಿತು ಅಂತ ಪೇಪರಲ್ಲಿ ಬಂದಾಗ
ಇಡೀ ಬೀದಿ ಹಾಲಿನ ಬೂತಿನ ಮುಂದೆ ನಿಂತು ನಕ್ಕಿತ್ತು.
ಅವಳ ಊರು ಕಡಲಿಗಿಂತ ಎತ್ತರ ಇರುವುದೂ
ಅಷ್ಟೇ. ಮೂರಡಿ.
ನಾನದನ್ನು ಅವಳಿಗೆ ಹೇಳಲಿಲ್ಲ.

ನಮ್ಮ ಹಿತ್ತಲ ಬಾವಿಯದೂ ಒಂದು ಬಾಟಲಿ ಒಯ್ದಳು.
ಅತ್ತೆ ಕಾಲದಲ್ಲಿ ಬಾಣಂತಿಗೂ ಅದೇ ನೀರು.
ಎಂಟು ದಿನಕ್ಕೆ ಫೋನು: "ಅಕ್ಕ, ಕುಡೀಬೇಡಿ.
ಕಬ್ಬಿನ ಗೊಬ್ಬರ, ಕಕ್ಕಸಿನ ಗುಂಡಿ, ಎಲ್ಲ ಇಳಿದಿದೆ."
ರುಚಿ ಚೆನ್ನಾಗೇ ಇದೆಯಲ್ಲೇ?
"ಅದೇ ಕಷ್ಟ ಅಕ್ಕ. ಉಪ್ಪಾದರೆ ನಾಲಿಗೆಯೇ ಹೇಳುತ್ತಿತ್ತು."

ಸುತ್ತ ಹೊಳೆ, ಹೊಳೆಯ ನಡುವೆ ಊರು, ಊರ ನಡುವೆ ಬಾವಿ.
ಬಾವಿಗೆ ತಗಡು ಮುಚ್ಚಿದೆ, ಹಾರದ ಹಾಗೆ ಮೇಲೊಂದು ಗುಂಡುಕಲ್ಲು.

ಜೂನಿನಲ್ಲಿ ಹೊರಟುಹೋದಳು.
ಅಜ್ಜಿಯ ಆ ಕೋಲು-ಡಬ್ಬ ಬಿಟ್ಟುಹೋಗಿದ್ದರೆ ಹೇಳಿಕೊಳ್ಳಲು ಚೆಂದವಿತ್ತು;
ಬಿಟ್ಟದ್ದು ನಾಲ್ಕು ಬಾಟಲಿ, ಉಂಗುಷ್ಠ ಕಿತ್ತ ಒಂದು ಚಪ್ಪಲಿ.

ಇವತ್ತು ಚೇಂಬರಿಗೆ ಬಗ್ಗಿದಾಗ
ವಾಲ್ವಿನ ಕುತ್ತಿಗೆಯಲ್ಲಿ ಹನಿ ಜಿನುಗುತ್ತಿತ್ತು. ಬೆರಳೊಡ್ಡಿದೆ.
ಅತ್ತಿತ್ತ ನೋಡಿ, ಯಾರೂ ಇಲ್ಲವೆಂದಾದ ಮೇಲೆ,
ನಾಲಿಗೆಗೆ ಮುಟ್ಟಿಸಿದೆ.
ಒಂಚೂರು ಕ್ಲೋರಿನ್, ಒಂಚೂರು ತುಕ್ಕು,
ಅದರಾಚೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೆ ನಾವು ಸಿಹಿ ಅಂತೀವಿ.

ಮೇಲಿನ ಬೀದಿಯಲ್ಲಿ ಆಗಲೇ ಯಾರೋ ಬಿಂದಿಗೆ ಕುಟ್ಟುತ್ತಿದ್ದರು.
ತಡೀರಿ, ಬುಟ್ಟೆ.
ಒಂದು. ಎರಡು.